ಇಂಜಿನ್ ಬೆಣ್ಣೆ, ಬಾಡಿ ಜಂಗು: ಕರಾವಳಿಯ ಹಳೇ ಡೀಸೆಲ್ ಗಾಡಿಯನ್ನು ಏನು ಮಾಡೋಣ?

ಚೌತಿ, ದಸರಾ ಕಳೆದು ನೆಲ ಒಣಗಿದ ಮೇಲೆ ನಮ್ಮ ಕಡೆ ಜನ ಗಾಡಿಯ ಅಡಿಗೆ ಬಗ್ಗಿ ನೋಡುತ್ತಾರೆ. ಆಮೇಲೆ ನನಗೆ ಫೋನು ಬರುತ್ತದೆ. ಕುಮಟೆಯಿಂದ ಒಬ್ಬರು, ಅಂಕೋಲೆಯಿಂದ ಇಬ್ಬರು, ಮೊನ್ನೆ ಶಿರಸಿಯಿಂದಲೂ ಒಬ್ಬರು. ಪ್ರಶ್ನೆ ಮಾತ್ರ ಒಂದೇ: “ಎರಡೂವರೆ ಲಕ್ಷ ಕಿಲೋಮೀಟರ್ ಓಡಿದೆ, ಇಂಜಿನ್ ಬೆಣ್ಣೆ ಇದ್ದ ಹಾಗಿದೆ, ಬಾಡಿಗೆ ಸ್ವಲ್ಪ ಜಂಗು. ಮಾಡಿಸೋದಾ, ಮಾರೋದಾ?” ಈ ‘ಸ್ವಲ್ಪ’ ಎನ್ನುವ ಪದದ ಮೇಲೆ ನನಗೆ ನಂಬಿಕೆ ಹೋಗಿ ಬಹಳ ಕಾಲವಾಯಿತು.

ನನ್ನದು 2003ರ ಕ್ವಾಲಿಸ್, ಕೆಎ-30 ನಂಬರಿನದು. ಮನೆ ಕಾರವಾರದಲ್ಲಿ, ಸಮುದ್ರಕ್ಕೆ ಅರ್ಧ ಕಿಲೋಮೀಟರೂ ಇಲ್ಲ. 2018ರಲ್ಲಿ ಹದಿನೈದು ವರ್ಷ ತುಂಬಿ ಎಫ್‌ಸಿಗೆ (ಗಾಡಿ ಓಡಲು ಯೋಗ್ಯ ಎನ್ನುವ ಸರ್ಟಿಫಿಕೇಟಿಗೆ) ಬಂದಾಗ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ, ಮೊದಲು ಇಂಜಿನ್ ಬಿಚ್ಚಿಸಿದೆ. ಹಾಫ್ ಇಂಜಿನ್ ಕೆಲಸ, ನಾಜಲ್, ಪಂಪು, ಟೈಮಿಂಗ್ ಬೆಲ್ಟು ಎಂದು ಐವತ್ತೆಂಟು ಸಾವಿರ ಸುರಿದೆ. ಬಾಡಿಗೆ ಉಳಿದದ್ದು ಹನ್ನೆರಡು ಸಾವಿರ. ಗ್ಯಾರೇಜಿನವರು ತಿಂದುಹೋದ ಜಾಗಕ್ಕೆಲ್ಲ ಪೇಸ್ಟ್ ಮೆತ್ತಿ, ಅಡಿಗೆ ಕರಿ ಕೋಟಿಂಗ್ ಹೊಡೆದು ಕೊಟ್ಟರು. ನೋಡಲು ಮದುಮಗಳು. ಎರಡನೇ ಮಳೆಗಾಲದಲ್ಲಿ ದೇವಿಮನೆ ಘಟ್ಟ ಇಳಿಯುವಾಗ ಬ್ರೇಕ್ ಪೆಡಲ್ ಒಮ್ಮೆಲೇ ಅರ್ಧಕ್ಕೆ ಕುಸಿಯಿತು. ಹಿಂದಿನ ಚಕ್ರಕ್ಕೆ ಹೋಗುವ ಕಬ್ಬಿಣದ ಪೈಪು ಆ ಕರಿ ಕೋಟಿಂಗಿನ ಒಳಗೇ ಕೊಳೆತು ಸೂಜಿಮೊನೆಯಷ್ಟು ತೂತಾಗಿತ್ತು. ಮುಂದಿನ ಬ್ರೇಕಿನ ಲೈನು ಬೇರೆ ಇದ್ದದ್ದರಿಂದ, ಗೇರು ಇಳಿಸಿ, ಗುಡ್ಡದ ಬದಿಗೆ ಒತ್ತಿ ಗಾಡಿ ನಿಲ್ಲಿಸಿದೆ.

ಅವತ್ತಿನಿಂದ ನನ್ನ ಲೆಕ್ಕ ತಲೆಕೆಳಗಾಯಿತು. ಇಂಜಿನ್ ಸತ್ತರೆ ಇನ್ನೊಂದು ಸಿಗುತ್ತದೆ, ಬೋರ್ ಮಾಡಿಸಬಹುದು, ಸ್ಲೀವ್ ಹಾಕಿಸಬಹುದು. ತಗಡಿಗೆ ಆ ಅನುಕೂಲ ಇಲ್ಲ. ಹಾಗಾಗಿ ಕರಾವಳಿಯ ಹಳೇ ಡೀಸೆಲ್ ಗಾಡಿಯ ಹಣೆಬರಹ ಬರೆಯುವುದು ತಗಡು, ಮೀಟರಲ್ಲ. ಕೆಳಗಿನ ಹೋಲಿಕೆ ಪೂರ್ತಿ ಈ ಮಾತಿನ ಮೇಲೆ ನಿಂತಿದೆ. ಒಪ್ಪದವರು ಇಂಜಿನ್ ಮಿಸ್ತ್ರಿಯ ಹತ್ತಿರ ಕೇಳಿ, ಅವರು ಬೇರೆಯೇ ಹೇಳುತ್ತಾರೆ.

ಅಳೆಯುವುದು ಯಾವುದರಿಂದ?

ಮೊದಲ ಅಳತೆ, ಜಂಗು ಹಿಡಿದದ್ದು ಚರ್ಮಕ್ಕೋ ಮೂಳೆಗೋ ಎನ್ನುವುದು. ಬಾಗಿಲ ತುದಿ, ಬಾನೆಟ್ಟಿನ ಅಂಚು, ಡಿಕ್ಕಿ ಬಾಗಿಲು, ಮಡ್ಗಾರ್ಡ್ ಇವೆಲ್ಲ ಚರ್ಮ. ಬೋಲ್ಟು ಬಿಚ್ಚಿ ಬೇರೆ ಹಾಕಬಹುದು, ಕೆಲವು ವರ್ಷ ಹಾಗೇ ಬಿಟ್ಟರೂ ಯಾರೂ ಸಾಯುವುದಿಲ್ಲ. ಚಾಸಿಸ್ ಪಟ್ಟಿ, ಬಾಗಿಲ ಕೆಳಗೆ ಉದ್ದಕ್ಕೂ ಹೋಗುವ ಪೆಟ್ಟಿಗೆಯಂಥ ಪಟ್ಟಿ, ಸಸ್ಪೆನ್ಷನ್ ಕೂರುವ ಜಾಗ, ಸೀಟು ಮತ್ತು ಸೀಟ್ ಬೆಲ್ಟಿನ ಬೋಲ್ಟು ಹಿಡಿದಿರುವ ನೆಲ, ಬ್ರೇಕ್ ಪೈಪು, ಡೀಸೆಲ್ ಪೈಪು ಇವು ಮೂಳೆ, ನರ.

ಎರಡನೆಯದು ಗಾಡಿಯ ಕಟ್ಟು. ಕ್ವಾಲಿಸ್, ಸುಮೋ, ಬೊಲೆರೊ, ಇನ್ನೋವಾ, ಹಳೇ ಜೀಪುಗಳಿಗೆ ಏಣಿಯಂಥ ಚಾಸಿಸ್ ಬೇರೆ, ಅದರ ಮೇಲೆ ಕೂರಿಸಿದ ಬಾಡಿ ಬೇರೆ. ಬಾಡಿ ಎಷ್ಟು ತೇಪೆ ಕಂಡರೂ ಭಾರ ಹೊರುವುದು ಚಾಸಿಸ್. ಸ್ವಿಫ್ಟ್, ಇಂಡಿಕಾದಂಥ ಕಾರುಗಳಿಗೆ ಚಾಸಿಸ್ ಎಂದು ಬೇರೆ ಇಲ್ಲ, ಇಡೀ ಡಬ್ಬಿಯೇ ಚಾಸಿಸ್. ಅಂಬಾಸಿಡರ್ ಅಷ್ಟು ದಪ್ಪ ತಗಡಿನದಾದರೂ ಇದೇ ಜಾತಿಗೆ ಸೇರಿದ್ದು. ಇವುಗಳಲ್ಲಿ ಬಾಗಿಲ ಕೆಳಗಿನ ಪಟ್ಟಿ ಕೊಳೆತರೆ ಅದು ಅಂದದ ಪ್ರಶ್ನೆಯಲ್ಲ. ಜಾಕ್ ಕೊಟ್ಟಾಗ ‘ಕರ್ರ್’ ಎಂದು ಒಳಗೆ ಹೋಯಿತೋ, ಗಾಡಿಯ ಬೆನ್ನೆಲುಬು ಹೋಗಿದೆ ಎಂದೇ ತಿಳಿಯಿರಿ.

ಮೂರನೆಯದು ಗಾಡಿ ರಾತ್ರಿ ಮಲಗುವ ಜಾಗ. ಒಂದೇ ವರ್ಷದ, ಒಂದೇ ಮಾಡೆಲಿನ ಎರಡು ಗಾಡಿಯಲ್ಲಿ ಶಿರಸಿಯದು ಗಟ್ಟಿ ಇರುತ್ತದೆ, ಕಾರವಾರದ್ದು ಹಪ್ಪಳವಾಗಿರುತ್ತದೆ. ಘಟ್ಟದ ಮೇಲೆ ಮಳೆ ಏನು ಕಡಿಮೆಯೇ? ವ್ಯತ್ಯಾಸ ಇರುವುದು ಉಪ್ಪಿನಲ್ಲಿ. ನೀರಿಗೆ ಉಪ್ಪು ಬೆರೆತರೆ ತುಕ್ಕಿನ ಓಟ ಹೆಚ್ಚುತ್ತದೆ. ನಮಗೆ ಕಡಲ ಗಾಳಿಯ ಉಪ್ಪು ಸಾಲದೆಂದು ಹೆದ್ದಾರಿ 66ರಲ್ಲಿ ಮೀನಿನ ಲಾರಿಯಿಂದ ಸುರಿಯುವ ನೀರೂ ಇದೆ. ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲಿಂಗ್ ನಿಷೇಧ, ಆಗ ಆ ನೀರು ಕಡಿಮೆ. ಆಗಸ್ಟಿನಲ್ಲಿ ಬೋಟು ಇಳಿದ ಮೇಲೆ ಒದ್ದೆ ರಸ್ತೆಯಲ್ಲಿ ಲಾರಿಯ ಹಿಂದೆ ಹೋದರೆ ಗಾಡಿಯ ಹೊಟ್ಟೆಗೆ ಉಪ್ಪುನೀರಿನ ಅಭಿಷೇಕ.

ನಾಲ್ಕನೆಯದು ಕಾಗದ. ದೆಹಲಿಯಲ್ಲಿರುವ ಹತ್ತು ವರ್ಷದ ಡೀಸೆಲ್ ನಿಯಮ ನಮಗಿಲ್ಲ. ಹದಿನೈದು ವರ್ಷವಾದ ಮೇಲೆ ಐದೈದು ವರ್ಷಕ್ಕೊಮ್ಮೆ ಎಫ್‌ಸಿ ಮಾಡಿಸಿ ನೋಂದಣಿ ನವೀಕರಿಸುತ್ತ ಹೋಗಬಹುದು. ಆದರೆ ಖರ್ಚು ಏರಿದೆ. ಕಾರಿನ ನೋಂದಣಿ ನವೀಕರಣ ಶುಲ್ಕ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಿಂದ 5,000 ಆಯಿತು. 2025ರ ಆಗಸ್ಟಿನಲ್ಲಿ, 20 ವರ್ಷ ದಾಟಿದ ಕಾರಿಗೆ 10,000 ಮಾಡಿದರು. ಹಸಿರು ತೆರಿಗೆ ಬೇರೆ. ವಿಮೆಯಲ್ಲಿ ಜನ ಮರೆಯುವ ಒಂದು ಲೆಕ್ಕವಿದೆ: 2022ರ ಜೂನ್‌ನಲ್ಲಿ ನಿಗದಿಯಾದ ದರದಂತೆ ಥರ್ಡ್ ಪಾರ್ಟಿ ಪ್ರೀಮಿಯಂ 1000ದಿಂದ 1500 ಸಿಸಿವರೆಗಿನ ಕಾರಿಗೆ 3,416 ರೂಪಾಯಿ, ಅದರ ಮೇಲಿನದಕ್ಕೆ 7,897, ಜಿಎಸ್‌ಟಿ ಪ್ರತ್ಯೇಕ. 1248 ಸಿಸಿಯ ಸ್ವಿಫ್ಟ್ ಡೀಸೆಲ್ಲಿಗೂ 2446 ಸಿಸಿಯ ಕ್ವಾಲಿಸ್ಸಿಗೂ ಪ್ರತಿ ವರ್ಷ ಬೀಳುವ ವ್ಯತ್ಯಾಸ ಇದು. ಇನ್ನು ತುಕ್ಕಿಗೆ ವಿಮೆಯಲ್ಲಿ ಬಿಡಿಗಾಸೂ ಸಿಗುವುದಿಲ್ಲ.

ಕೊನೆಯದು ನಿಮ್ಮ ಕಿಸೆ ಮತ್ತು ನಿಮ್ಮ ಪುರುಸೊತ್ತು. ಎರಡನೆಯದರ ಬಗ್ಗೆ ಯಾರೂ ಯೋಚಿಸುವುದಿಲ್ಲ.

ಒಂದು ಬೆಳಿಗ್ಗೆಯ ಪರೀಕ್ಷೆ

ಯಾವ ದಾರಿ ಹಿಡಿಯುವ ಮೊದಲೂ ಇದನ್ನು ಮಾಡಿ. ಮೊಂಡು ಸ್ಕ್ರೂಡ್ರೈವರ್, ಫ್ರಿಜ್ಜಿಗೆ ಅಂಟಿಸುವ ಅಯಸ್ಕಾಂತ, ಒಂದು ಟಾರ್ಚ್, ಹಳೇ ಗೋಣಿಚೀಲ ಸಾಕು. ಸರ್ವಿಸ್ ಸ್ಟೇಷನ್ನಿನಲ್ಲಿ ಅಡಿ ತೊಳೆಸಿ ಒಣಗಲು ಬಿಟ್ಟು, ಅವರದೇ ರ‍್ಯಾಂಪಿನ ಕೆಳಗೆ ನಿಲ್ಲಿ. ಸ್ಕ್ರೂಡ್ರೈವರಿನ ಹಿಡಿಯಿಂದ ಚಾಸಿಸ್ಸಿಗೆ ಒಂದೊಂದು ಗೇಣಿಗೂ ಬಡಿಯುತ್ತ ಬನ್ನಿ. ಗಟ್ಟಿ ತಗಡು ಟಣ್ ಎನ್ನುತ್ತದೆ. ಕೊಳೆತದ್ದು ಒದ್ದೆ ಹಲಗೆಯ ಹಾಗೆ ಬುದ್ ಎನ್ನುತ್ತದೆ. ಬುದ್ ಎಂದಲ್ಲಿ ಮೊನೆಯಿಂದ ಒತ್ತಿ. ಪದರು ಪದರಾಗಿ ಉದುರಿ ಕೆಳಗೆ ಗಟ್ಟಿ ಸಿಕ್ಕರೆ ಬದುಕಿದೆ, ಮೊನೆ ಒಳಗೆ ಹೋದರೆ ಇಲ್ಲ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಹಿಡಿಯುತ್ತದೆ. ಹಾಗಾಗಿ ಎರಡು ತಗಡು ಕೂಡಿಸಿದ ಹೊಲಿಗೆ ಉಬ್ಬಿ ಬಾಯಿ ತೆರೆದಿದ್ದರೆ ಒಳಗಿನ ಕತೆ ಹೊರಗಿನದಕ್ಕಿಂತ ಕೆಟ್ಟದ್ದು.

ಬಣ್ಣ ಚೆನ್ನಾಗಿರುವ ಕಡೆ ಅಯಸ್ಕಾಂತ ಆಡಿಸಿ. ಹಿಡಿಯದಿದ್ದರೆ ಅಡಿಯಲ್ಲಿರುವುದು ಪೇಸ್ಟ್. ನೆಲದ ಮ್ಯಾಟು ಎತ್ತಿ, ಬ್ಯಾಟರಿ ಎತ್ತಿ ಅದರ ತಟ್ಟೆ ನೋಡಿ, ಸ್ಟೆಪ್ನಿಯ ಗುಂಡಿ ನೋಡಿ. ಬಾಗಿಲ ಕೆಳಗಿನ ಸಣ್ಣ ತೂತುಗಳು ಕಸ ಕಟ್ಟಿ ಮುಚ್ಚಿದ್ದರೆ ಕಡ್ಡಿಯಿಂದ ಬಿಡಿಸಿ. ನನ್ನ ಒಂದು ಬಾಗಿಲಿನಿಂದ ಅರ್ಧ ಲೋಟ ಕೆಂಪು ನೀರು ಸುರಿದಿತ್ತು.

ಇಷ್ಟಾದ ಮೇಲೆ ಚಾಸಿಸ್ ನಂಬರ್. ನಂಬರ್ ಕೊರೆದ ಜಾಗದ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ. ಎಫ್‌ಸಿಗೆ ಹೋದಾಗ ತೆಗೆಯುವುದೂ ಇದೇ ಪ್ರಿಂಟು. ಅಂಕೆಗಳು ಒಂದೊಂದಾಗಿ ಬಿಳಿಯಾಗಿ ಮೂಡಬೇಕು. ಕರಾವಳಿಯ ಗಾಡಿಯಲ್ಲಿ ಎಷ್ಟೋ ಸಲ ನಡುವೆ ಎರಡು ಅಂಕೆ ಇರುವಲ್ಲಿ ಬರೀ ಸಿಡುಬಿನ ಕಲೆ ಮೂಡುತ್ತದೆ. ಹಾಗೆ ಅಳಿಸಿದ್ದರೆ ಖರ್ಚು ಮಾಡುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. ನೀವೇ ಕೊರೆಸಲು ಹೋಗಬೇಡಿ, ಅದು ಅಪರಾಧ. ಈಗ ಚೆನ್ನಾಗಿದ್ದರೆ ಇವತ್ತೇ ಅಲ್ಲಿಗೆ ಗ್ರೀಸ್ ಹಚ್ಚಿ.

ಇಂಜಿನ್ನಿಗೆ ಹತ್ತು ನಿಮಿಷ ಸಾಕು. ರಾತ್ರಿಯಿಡೀ ನಿಂತ ಗಾಡಿಯನ್ನು ಬೆಳಿಗ್ಗೆ ನೀವೇ ಚಾಲೂ ಮಾಡಿ. ಬಿಸಿಯಾದ ಮೇಲೂ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಕಪ್ಪಾದರೆ ನಾಜಲ್, ಪಂಪು ಅಥವಾ ಏರ್ ಫಿಲ್ಟರ್. ಬಿಳಿ ಹೊಗೆ ನಿಲ್ಲದೆ ಬಂದು ರೇಡಿಯೇಟರ್ ನೀರೂ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಸಂಶಯ. ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಬೀಡಿಯ ಹೊಗೆಯಷ್ಟು ಬಂದರೆ ಪರವಾಗಿಲ್ಲ, ಬುಸುಬುಸು ಎಂದು ತಳ್ಳಿದರೆ ರಿಂಗು ಸವೆದಿವೆ. ಆಮೇಲೆ ನಾಲ್ಕು ಜನ ಕೂತು ಅರಬೈಲು ಘಟ್ಟ ಹತ್ತಿಸಿ, ಟೆಂಪರೇಚರ್ ಮುಳ್ಳು ನೋಡಿ.

ದಾರಿ ಒಂದು: ಇದ್ದ ಹಾಗೆ ಓಡಿಸಿ ಮುಗಿಸುವುದು

ಎಫ್‌ಸಿ ಇನ್ನೂ ಒಂದೆರಡು ವರ್ಷ ಇದ್ದು, ಮೂಳೆ ಗಟ್ಟಿ ಇದ್ದು, ದಿನಕ್ಕೆ ಹತ್ತು ಕಿಲೋಮೀಟರ್ ಪೇಟೆಯೊಳಗೆ ಓಡುವ ಗಾಡಿಗೆ ಇದು ತಪ್ಪಲ್ಲ. ಬ್ರೇಕ್ ಪೈಪು, ಹೋಸು, ಟಯರು, ಟೈಮಿಂಗ್ ಬೆಲ್ಟು ಇಷ್ಟಕ್ಕೇ ದುಡ್ಡು ಹಾಕಿ, ಬಣ್ಣಕ್ಕೆ ಒಂದು ರೂಪಾಯಿಯೂ ಬೇಡ. ಹದಿನೈದು ಇಪ್ಪತ್ತು ಸಾವಿರದಲ್ಲಿ ಮುಗಿಯುತ್ತದೆ. ನವೀಕರಣದ ದಿನ ಬಂದಾಗ ಕೈಬಿಡುವುದೆಂದು ಈಗಲೇ ನಿರ್ಧರಿಸಿ, ಇಲ್ಲವಾದರೆ ಆಗ ಮತ್ತೆ ಆಸೆ ಹುಟ್ಟುತ್ತದೆ. ಮೂಳೆ ಕೊಳೆತಿದ್ದರೆ ಈ ದಾರಿ ಮುಚ್ಚಿದೆ.

ದಾರಿ ಎರಡು: ಮೂಳೆ ರಿಪೇರಿ, ಅಂದ ಆಮೇಲೆ

ಬಹುಪಾಲು ಜನರಿಗೆ ನಾನು ಹೇಳುವುದು ಇದನ್ನೇ, ಬಹುಪಾಲು ಜನ ಇಷ್ಟಪಡದಿರುವುದೂ ಇದನ್ನೇ. ಎಪ್ಪತ್ತು ಸಾವಿರ ಖರ್ಚಾಗಿರುತ್ತದೆ, ನೋಡಿದವರು “ಇನ್ನೂ ಮಾಡಿಸಿಲ್ವಾ?” ಎಂದು ಕೇಳುತ್ತಾರೆ.

ಕೆಲಸ ಹೀಗೆ: ಕೊಳೆತ ತಗಡನ್ನು ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ ತೆಗೆಯಬೇಕು. ತುಕ್ಕಿನ ಮೇಲೇ ಹೊಸ ತಗಡು ಹೊದಿಸಿ ಬೆಸೆಯುವುದು ಊರಲ್ಲೆಲ್ಲ ನಡೆಯುವ ಮೋಸ. ಎರಡು ತಗಡಿನ ನಡುವೆ ನೀರು ನಿಂತು ಮೂರೇ ವರ್ಷಕ್ಕೆ ಎರಡೂ ಹೋಗುತ್ತವೆ. ನೆಲಕ್ಕೆ 18 ಗೇಜ್ ಶೀಟು, ಅಂದರೆ ಸುಮಾರು 1.2 ಮಿಲಿಮೀಟರ್ ದಪ್ಪ. ಹೊರ ತಗಡಿಗೆ 20 ಗೇಜ್ ಸಾಕು. ಏಣಿ ಚಾಸಿಸ್ಸಿನ ಪಟ್ಟಿ ಇದಕ್ಕಿಂತ ಎಷ್ಟೋ ದಪ್ಪ, ಅಲ್ಲಿ ಮೂಲದಷ್ಟೇ ದಪ್ಪದ ಪ್ಲೇಟು ಹಾಕಬೇಕು. ಆ ಕೆಲಸ ಲಾರಿ ಚಾಸಿಸ್ ಮಾಡುವವರಿಗೆ ಗೊತ್ತು, ಕಾರಿನ ತಗಡು ಕೆಲಸ ಮಾಡುವ ಟಿಂಕರರಿಗೆ ಗೊತ್ತಿರಬೇಕೆಂದಿಲ್ಲ. ವೆಲ್ಡಿಂಗ್ ಸಿಓಟೂದಲ್ಲಿ (ಕಾರ್ಬನ್ ಡೈಆಕ್ಸೈಡ್ ಹಾಯಿಸಿ ಮಾಡುವ ವಿದ್ಯುತ್ ಬೆಸುಗೆ) ಆಗಲಿ. ಗ್ಯಾಸಿನ ಬೆಂಕಿಗೆ ತೆಳು ತಗಡು ಸೊಟ್ಟಗಾಗುತ್ತದೆ, ಸುತ್ತಲಿನ ಬಣ್ಣವೂ ಸುಡುತ್ತದೆ. ಬ್ಯಾಟರಿ ವೈರು ಬಿಚ್ಚಿದ ಮೇಲೆಯೇ ವೆಲ್ಡಿಂಗ್, ಅದರಲ್ಲೂ ಕಾಮನ್ ರೈಲ್ (ಕಂಪ್ಯೂಟರ್ ಹಿಡಿತದಲ್ಲಿ ಡೀಸೆಲ್ ಚಿಮ್ಮಿಸುವ) ಗಾಡಿಗೆ. ಇಲ್ಲವಾದರೆ ಇಸಿಎಂ, ಅಂದರೆ ಇಂಜಿನ್ನಿನ ಕಂಪ್ಯೂಟರ್, ಸುಟ್ಟು ಬಾಡಿಯ ಖರ್ಚಿನಷ್ಟೇ ಇನ್ನೊಂದು ಖರ್ಚು.

ಬೆಸುಗೆಯ ಮೇಲೆ ಎಪಾಕ್ಸಿ ಪ್ರೈಮರ್ ಕೇಳಿ. ರೆಡ್ ಆಕ್ಸೈಡ್ ಅಗ್ಗ, ನೋಡಲೂ ಅಧಿಕೃತವಾಗಿ ಕಾಣುತ್ತದೆ, ನಮ್ಮ ಗಾಳಿಗೆ ಅದೊಂದೇ ಸಾಲದು. ಪೆಟ್ಟಿಗೆಯಂಥ ಪಟ್ಟಿಗಳ ಒಳಗೆ ಮೇಣದ ಸ್ಪ್ರೇ ಹೊಡೆಸಿ, ಜಂಗು ಹುಟ್ಟುವುದು ಒಳಗಿನಿಂದ. ಕರಿ ಕೋಟಿಂಗ್ ಎಲ್ಲದರ ಕೊನೆಗೆ, ಒಣಗಿದ ಸ್ವಚ್ಛ ಲೋಹದ ಮೇಲೆ ಮಾತ್ರ. ಹಳಬರು ಸುಟ್ಟ ಆಯಿಲ್ ಬಳಿಯುತ್ತಿದ್ದರು. ಜಂಗು ತಡೆಯುತ್ತದೆ ನಿಜ, ಬುಷ್ಷಿನ ರಬ್ಬರನ್ನೂ ತಿನ್ನುತ್ತದೆ. ಒಬ್ಬರು ದೋಣಿಗೆ ಬಳಿಯುವ ಗೇರೆಣ್ಣೆಯನ್ನೇ (ಗೇರುಬೀಜದ ಸಿಪ್ಪೆಯ ಎಣ್ಣೆ) ಜೀಪಿನ ಅಡಿಗೆ ಬಳಿದಿದ್ದರು. ಜೀಪು ಗಟ್ಟಿ ಉಳಿಯಿತು, ಅವರ ಕೈ ಹದಿನೈದು ದಿನ ಬೊಕ್ಕೆ ಎದ್ದಿತ್ತು.

ಖರ್ಚು, ನಾನು ಈಚೆಗೆ ಕಂಡ ಬಿಲ್ಲುಗಳ ಅಂದಾಜಿನಲ್ಲಿ, ಐವತ್ತರಿಂದ ತೊಂಬತ್ತು ಸಾವಿರ. ಇಂಜಿನ್ ತೀರಾ ಸೋತಿದ್ದರೆ ಮಾತ್ರ ಅದರ ಮೇಲೆ ಇನ್ನೊಂದು ಐವತ್ತು ಅರವತ್ತು. ಹಳೇ ಮೆಕ್ಯಾನಿಕಲ್ ಪಂಪಿನ ಇಂಜಿನ್ ಇಲ್ಲಿ ಗೆಲ್ಲುತ್ತದೆ. ಪಂಪು ಬಿಚ್ಚಿ ಹುಬ್ಬಳ್ಳಿಗೆ ಕಳಿಸಿದರೆ ಕಿಟ್ಟು ಹಾಕಿ, ಕ್ಯಾಲಿಬ್ರೇಶನ್ ಮಾಡಿ ಬಸ್ಸಿನಲ್ಲಿ ವಾಪಸ್ ಬರುತ್ತದೆ. ಕಾಮನ್ ರೈಲಿನ ನಾಲ್ಕು ಇಂಜೆಕ್ಟರ್ ಹೋದರೆ ಆ ಸುಖ ಇಲ್ಲ. ಹಾಗೆಂದು ಹಳೇದೇ ಒಳ್ಳೆಯದು ಎನ್ನಲಾರೆ. ಘಟ್ಟದಲ್ಲಿ ಎಳೆಯುವಾಗಲೂ ಮೈಲೇಜಿನಲ್ಲೂ ಕಾಮನ್ ರೈಲಿನದೇ ಮೇಲುಗೈ.

ಸಮಯ: ಡಿಸೆಂಬರಿನಿಂದ ಏಪ್ರಿಲ್. ಚೌತಿಗೆ ಗಾಡಿ ಬೇಕೆಂದು ಶ್ರಾವಣದ ಮಳೆಯಲ್ಲಿ ಬಣ್ಣ ಹೊಡೆಸುವವರು ಪ್ರತಿ ವರ್ಷ ಸಿಗುತ್ತಾರೆ. ಆ ತೇವದಲ್ಲಿ ಬಣ್ಣ ಮಂಜು ಕಟ್ಟುತ್ತದೆ, ಅಡಿಯಲ್ಲಿ ಕೂತ ನೀರು ಮುಂದಿನ ವರ್ಷ ಗುಳ್ಳೆಯಾಗಿ ಏಳುತ್ತದೆ.

ದಾರಿ ಮೂರು: ಪೂರ್ತಿ ಹೊಸತು ಮಾಡುವುದು

ಬಾಡಿ ಎತ್ತಿ, ಚಾಸಿಸ್ ಬರಿದು ಮಾಡಿ, ಸ್ಯಾಂಡ್ ಬ್ಲಾಸ್ಟ್ ಮಾಡಿಸಿ, ಇಂಜಿನ್, ಗೇರ್ ಬಾಕ್ಸ್, ವೈರಿಂಗ್, ಸೀಟು, ಪಿಯು ಪೇಂಟ್ ಎಲ್ಲ ಮಾಡಿಸಿದರೆ ಎರಡು ಲಕ್ಷದಿಂದ ಶುರು, ಮೂರೂವರೆಗೆ ನಿಂತರೆ ಪುಣ್ಯ. ಆ ಗಾಡಿ ಮಾರಿದರೆ ಹಾಕಿದ್ದರ ಅರ್ಧವೂ ಬರುವುದಿಲ್ಲ. ಗ್ಯಾರೇಜಿನವರು ಹೇಳುವ ಎರಡು ತಿಂಗಳು ಎಂದರೆ ಆರು ತಿಂಗಳು. ನಡುವೆ ಒಂದು ಮಳೆಗಾಲ ಬಂದರೆ ಬಿಚ್ಚಿಟ್ಟ ಭಾಗಗಳಿಗೂ ಜಂಗು.

ಆದರೂ ಮಾಡಿಸುವವರಿದ್ದಾರೆ. ಅಪ್ಪ ಓಡಿಸಿದ ಅಂಬಾಸಿಡರ್, ತೋಟಕ್ಕೆ ಇಳಿಯುವ ಹಳೇ ಜೀಪು. ಇಂಥದ್ದಕ್ಕೆ ಲೆಕ್ಕ ಹಿಡಿದು ಬೇಡ ಎಂದರೆ ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ನನ್ನ ಷರತ್ತು ಎರಡೇ: ಮನೆಯಲ್ಲಿ ಓಡಾಡಲು ಇನ್ನೊಂದು ಗಾಡಿ ಇರಬೇಕು, ಬಿಚ್ಚಿದ ಪ್ರತಿ ಭಾಗದ ಫೋಟೋ ನಿಮ್ಮ ಮೊಬೈಲಿನಲ್ಲಿರಬೇಕು. ಇಂಜಿನ್ನೇ ಬದಲಾಯಿಸುವುದಾದರೆ ಹೊಸ ನಂಬರನ್ನು ಆರ್‌ಸಿಯಲ್ಲಿ ಬರೆಸದೆ ಬಿಡಬೇಡಿ. ಮುಂದಿನ ಎಫ್‌ಸಿಯಲ್ಲಿ ಸಿಕ್ಕಿಬೀಳುತ್ತೀರಿ.

ದಾರಿ ನಾಲ್ಕು: ಕೊಟ್ಟು ಬೇರೆ ತರುವುದು

ಒಂದೇ ಡಬ್ಬಿಯ ಕಾರಿನ ಪಟ್ಟಿ, ನೆಲ, ಸಸ್ಪೆನ್ಷನ್ ಕೂರುವ ಜಾಗ ಮೂರೂ ಹೋಗಿದ್ದರೆ ಯೋಚನೆ ಬೇಡ, ಇದೇ ದಾರಿ. ನೋಂದಾಯಿತ ಗುಜರಿ ಕೇಂದ್ರಕ್ಕೆ ಕೊಟ್ಟರೆ ಡಿಪಾಸಿಟ್ ಸರ್ಟಿಫಿಕೇಟ್ ಸಿಗುತ್ತದೆ. ಹೊಸ ಗಾಡಿ ಕೊಳ್ಳುವಾಗ ಅದರ ಮೇಲೆ ನೋಂದಣಿ ಶುಲ್ಕ ಮನ್ನಾ, ಖಾಸಗಿ ವಾಹನದ ರಸ್ತೆ ತೆರಿಗೆಯಲ್ಲಿ ಶೇ. 25ರವರೆಗೆ ರಿಯಾಯಿತಿ ಕೊಡಲು ಕೇಂದ್ರದ ನಿಯಮದಲ್ಲಿ ಅವಕಾಶವಿದೆ. ಊರಿನ ಗುಜರಿಯವನಿಗೆ ತೂಕಕ್ಕೆ ಹಾಕುವುದಾದರೆ ಆರ್‌ಸಿ ರದ್ದು ಮಾಡಿಸಿಯೇ ಹಾಕಿ. ಗಾಡಿ ಸತ್ತರೂ ಕಾಗದ ಬದುಕಿದ್ದರೆ ನಾಳೆ ನಿಮ್ಮ ಹೆಸರಲ್ಲಿ ಏನು ಓಡುತ್ತದೋ ಯಾರಿಗೆ ಗೊತ್ತು.

ಹೊಸತು ಕೊಳ್ಳುವ ಶಕ್ತಿ ಇಲ್ಲದವರು ಗೋವಾ ಗಾಡಿಯತ್ತ ನೋಡುತ್ತಾರೆ. ಗಡಿ ದಾಟಿದರೆ ಅಗ್ಗ ಕಾಣುತ್ತದೆ. ಅದೇ ಕಡಲು, ಅದೇ ಉಪ್ಪು, ಜೊತೆಗೆ ಎನ್‌ಒಸಿ, ಮರುನೋಂದಣಿ, ಇಲ್ಲಿಯ ತೆರಿಗೆ. ನನ್ನ ಕೇಳಿದರೆ ಮುಖ ಪೂರ್ವಕ್ಕೆ ತಿರುಗಿಸಿ. ಗದಗ, ಬಾಗಲಕೋಟೆ, ವಿಜಯಪುರದ ಕಡೆಯ ಗಾಡಿ ಮೂರು ಲಕ್ಷ ಓಡಿದ್ದರೂ ಅಡಿಗೆ ಬಗ್ಗಿದರೆ ಬರೀ ಧೂಳು. ಒರೆಸಿದರೆ ಕಂಪನಿ ಬಣ್ಣ. ಬಿಸಿಲಿಗೆ ಡ್ಯಾಶ್‌ಬೋರ್ಡ್ ಬಿರಿದಿರುತ್ತದೆ, ರಬ್ಬರು ಒಣಗಿರುತ್ತದೆ, ಧೂಳಿಗೆ ಇಂಜಿನ್ ಸವೆದಿರಲೂಬಹುದು. ಇರಲಿ, ಅವೆಲ್ಲ ಕೊಳ್ಳಲು ಸಿಗುವ ವಸ್ತು. ಸೋತ ಇಂಜಿನ್ನಿನ ಗಟ್ಟಿ ಬಾಡಿಯೋ, ಬೆಣ್ಣೆ ಇಂಜಿನ್ನಿನ ಕೊಳೆತ ಬಾಡಿಯೋ ಎಂದರೆ ನಾನು ಕಣ್ಣು ಮುಚ್ಚಿ ಮೊದಲನೆಯದನ್ನು ಆರಿಸುತ್ತೇನೆ.

ಯಾರಿಗೆ ಯಾವುದು?

ಕೈಯಲ್ಲಿ ಇಪ್ಪತ್ತು ಸಾವಿರ, ಮೂಳೆ ಗಟ್ಟಿ: ಮೊದಲ ದಾರಿ. ಲಕ್ಷದೊಳಗೆ ಬಜೆಟ್ಟು, ಏಣಿ ಚಾಸಿಸ್ಸಿನ ಗಾಡಿ, ಮನೆ ತುಂಬ ಜನ, ತಿಂಗಳಿಗೊಮ್ಮೆ ಘಟ್ಟ ಹತ್ತಬೇಕು: ಎರಡನೆಯದು, ಇಂಜಿನ್ ಮುಟ್ಟದೆ. ಅದೇ ಬಜೆಟ್ಟಿನಲ್ಲಿ ಕೊಳೆತ ಸಣ್ಣ ಕಾರು ಇದ್ದರೆ ಅದಕ್ಕೆ ಹಾಕಬೇಡಿ, ಕೊಟ್ಟು ಬಯಲುಸೀಮೆಯದು ಹುಡುಕಿ. ಶಿರಸಿ, ಸಿದ್ದಾಪುರದವರಿಗೆ ಸ್ವಲ್ಪ ಧೈರ್ಯವಾಗಿ ಹೇಳಬಹುದು. ಅಲ್ಲಿ ಮಾಡಿಸಿದ ಕೆಲಸ ಹೆಚ್ಚು ಕಾಲ ಬಾಳುತ್ತದೆ. ಕಾರವಾರ, ಅಂಕೋಲೆಯಲ್ಲಿ ಮಾಡಿಸಿದವರು ಹದಿನೈದು ದಿನಕ್ಕೊಮ್ಮೆ ಅಡಿಯನ್ನು ಸಿಹಿನೀರಿನಲ್ಲಿ ತೊಳೆಯಲೇಬೇಕು. ಸಿಹಿನೀರು ಎಂದು ಒತ್ತಿ ಹೇಳುತ್ತಿದ್ದೇನೆ, ಕಡಲ ಬದಿಯ ಬಾವಿಯ ಸವುಳು ನೀರಲ್ಲಿ ತೊಳೆದು ತೊಳೆದು ಗಾಡಿ ಕೊಂದವರನ್ನು ಕಂಡಿದ್ದೇನೆ. ಪ್ಲಾಸ್ಟಿಕ್ ಹೊದಿಕೆಯೂ ಬೇಡ, ಒಳಗೆ ಬೆವರುತ್ತದೆ. ನಾಲ್ಕು ಕಂಬದ ಹಂಚಿನ ಮಾಡು ಸಾಕು.

ಕುಮಟೆಯವರು ಮೊನ್ನೆ ಗಾಡಿ ತಂದಿದ್ದರು. ಸ್ವಿಫ್ಟ್, ಎರಡು ಲಕ್ಷ ಅರವತ್ತು ಸಾವಿರ ಓಡಿದ್ದು, ಇಂಜಿನ್ ನಿಜಕ್ಕೂ ಬೆಣ್ಣೆ. ಟಿಂಕರ್ ಮಿಸ್ತ್ರಿ ಡ್ರೈವರ್ ಬದಿಯ ಪಟ್ಟಿಗೆ ಸ್ಕ್ರೂಡ್ರೈವರ್ ಒತ್ತಿದ. ಹಿಡಿಯವರೆಗೂ ಹೋಯಿತು. ಅವನು ಅದನ್ನು ಹೊರಗೆ ಎಳೆಯಲಿಲ್ಲ, ಹಾಗೇ ಬಿಟ್ಟು “ನೀವೇ ನೋಡಿ ಅಣ್ಣಾ” ಎಂದ. ಅವರು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಬಾಗಲಕೋಟೆಯಲ್ಲಿ ಕೆಲಸಕ್ಕಿರುವ ತಮ್ಮ ಅಳಿಯನಿಗೆ ಫೋನು ಹಚ್ಚಿದರು.